ಬೆಳಗಿನ ಪ್ರಾರ್ಥನೆಗೆ ಮುಂಚೆ ನುಂಗಿದ ಮಾತ್ರೆ

ಆ ಭಾನುವಾರ ಚರ್ಚಿನಲ್ಲಿ ಸಭೆಯ ಮುಂದೆ ನಿಂತು ನಾನು ಹೇಳಿದ್ದು ಸುಳ್ಳು. ಅಲೆಯುತ್ತಿದ್ದ ನನ್ನ ಮನಸ್ಸು ಬರೀ ಪ್ರಾರ್ಥನೆಯಿಂದಲೇ ಒಂದೆಡೆ ನಿಂತಿತು, ಯಾವ ವೈದ್ಯರ ಬಾಗಿಲಿಗೂ ಹೋಗಲಿಲ್ಲ, ಯಾವ ಮಾತ್ರೆಯನ್ನೂ ಮುಟ್ಟಲಿಲ್ಲ ಎಂದೆ. ಹಾಗೆನ್ನುವಾಗ, ಅದೇ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ನುಂಗಿದ್ದ ಮಾತ್ರೆ ನನ್ನೊಳಗೆ ಕೆಲಸ ಮಾಡುತ್ತಿತ್ತು. ನನ್ನ ಮಾತು ಅಷ್ಟು ನೇರವಾಗಿ, ಅಷ್ಟು ಸ್ಪಷ್ಟವಾಗಿ ಬಂದದ್ದು — ಅದಕ್ಕೂ ಆ ಮಾತ್ರೆಯೇ ಕಾರಣವೇನೋ.

ಸುಳ್ಳು ಅಲ್ಲಿಗೇ ನಿಂತಿದ್ದರೆ ಹೊಟ್ಟೆಯಲ್ಲಿಟ್ಟುಕೊಂಡೇ ಇದ್ದುಬಿಡುತ್ತಿದ್ದೆ. ನಿಲ್ಲಲಿಲ್ಲ. ಒಬ್ಬ ತಾಯಿ ಅದನ್ನು ನಂಬಿದರು. ಅವರ ಮಗಳು ಅದನ್ನು ಅನುಭವಿಸಿದಳು. ಆ ಹುಡುಗಿಯನ್ನು ಇಲ್ಲಿ ರೂತ್ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಯಾಕೆ ಬೇರೆ ಹೆಸರು ಎಂಬುದನ್ನೂ ಹೇಳುತ್ತೇನೆ — ಅದು ಅವಳೇ ಕೇಳಿಕೊಂಡದ್ದು.

ನನ್ನ ಹೆಸರು ಪ್ರಮೀಳಾ. ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ, ಕೆರೆಗೆ ಹತ್ತಿರದ ಒಂದು ಓಣಿಯಲ್ಲಿ. ಅಪ್ಪ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡರು. ಅಮ್ಮ ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಎಲ್ಲರಿಗೂ ಬೇಕಾದವರು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಜಗಳ — ಮೊದಲು ಬರುತ್ತಿದ್ದದ್ದು ಅಮ್ಮನ ಹತ್ತಿರ. ಎಲ್ಲದಕ್ಕೂ ಅವರ ಬಳಿ ಇದ್ದದ್ದು ಒಂದೇ ಉತ್ತರ: ಪ್ರಾರ್ಥನೆ. ಅದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಅಪ್ಪ ಹೋದ ಮೇಲೆ ಅಮ್ಮನನ್ನು ನಿಲ್ಲಿಸಿದ್ದು ಅದೇ. ನಾನು ಕಣ್ಣಾರೆ ನೋಡಿದ್ದೇನೆ.

ಆದರೆ ನನ್ನ ಮನಸ್ಸು — ಅದು ಚಿಕ್ಕಂದಿನಿಂದಲೂ ಕೂತಲ್ಲಿ ಕೂತದ್ದಲ್ಲ. ಹಾಲು ನೋಡಿಕೋ ಎಂದು ಅಮ್ಮ ಒಲೆಯ ಮುಂದೆ ನಿಲ್ಲಿಸಿದರೆ ಹಾಲು ನನ್ನ ಕಣ್ಣೆದುರೇ ಉಕ್ಕಿ ಹರಿಯುತ್ತಿತ್ತು. ನಾನು ನೋಡುತ್ತಲೇ ಇರುತ್ತಿದ್ದೆ, ಕಾಣುತ್ತಿರಲಿಲ್ಲ. ಶಿವಾಜಿನಗರಕ್ಕೆಂದು ಬಸ್ಸು ಹತ್ತಿದವಳು ಮೆಜೆಸ್ಟಿಕ್‌ನಲ್ಲಿ ಇಳಿದು ಪೆಚ್ಚಾಗಿ ನಿಲ್ಲುತ್ತಿದ್ದೆ. ಓದಲು ಕೂತರೆ ಒಂದೇ ಸಾಲು ಮತ್ತೆ ಮತ್ತೆ, ಅರ್ಥ ಮಾತ್ರ ಒಳಗೆ ಇಳಿಯುತ್ತಿರಲಿಲ್ಲ. ಎಂ.ಎ. ಹೇಗೋ ಮುಗಿಸಿ ಫ್ರೇಜರ್ ಟೌನಿನ ಒಂದು ಶಾಲೆಯಲ್ಲಿ ತಾತ್ಕಾಲಿಕ ಟೀಚರ್ ಆದೆ. ಉಪನ್ಯಾಸಕಿಯಾಗಬೇಕೆಂಬ ಆಸೆ. ಅದಕ್ಕೆ ಬೇಕಾದ ಅರ್ಹತಾ ಪರೀಕ್ಷೆಯಲ್ಲಿ ಸಾಲುಸಾಲಾಗಿ ಫೇಲಾದೆ.

ಅಮ್ಮ ಹೇಳಿದ್ದನ್ನೆಲ್ಲ ಮಾಡಿದೆ. ಬೆಳಕು ಹರಿಯುವ ಮುಂಚೆ ಎದ್ದೆ. ಶುಕ್ರವಾರ ಉಪವಾಸ ಮಾಡಿದೆ. ಮೊಬೈಲ್ ಅಮ್ಮನ ಕೈಗೆ ಕೊಟ್ಟೆ, ಅವರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮೊಣಕಾಲೂರಿ, ಕರ್ತನೇ ನನ್ನ ಮನಸ್ಸನ್ನು ಕಟ್ಟಿಹಾಕು ಎಂದು ಬೇಡಿಕೊಂಡೆ. ಬೇಡಿಕೊಳ್ಳುತ್ತಿರುವಾಗಲೇ ಎದುರು ಮನೆಯ ಸಿಂಟೆಕ್ಸ್ ತುಂಬಿ ಸುರಿಯುವ ಸದ್ದು, ಅದರಿಂದ ಮೋಟರು, ಮೋಟರಿನಿಂದ ಕರೆಂಟು ಬಿಲ್ಲು — ಆಮೆನ್ ಎನ್ನುವ ಹೊತ್ತಿಗೆ ನಾನೆಲ್ಲಿದ್ದೆನೋ ನನಗೇ ತಿಳಿಯುತ್ತಿರಲಿಲ್ಲ. ನನಗೆ ಭಕ್ತಿ ಸಾಲದು ಎಂದುಕೊಂಡೆ. ಒಬ್ಬಳೇ ಇದ್ದಾಗ ಕೆನ್ನೆಗೆ ಹೊಡೆದುಕೊಂಡದ್ದೂ ಉಂಟು.

ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಶಬಾನಾ ನನ್ನ ಗೆಳತಿ. ಶಿವಾಜಿನಗರದವಳು, ಬಾಯಿ ಬಿಚ್ಚಿ ಮಾತಾಡುವವಳು. ಒಂದು ದಿನ ಸ್ಟಾಫ್‌ರೂಮಿನಲ್ಲಿ ನಾನು ತಿದ್ದಿದ ಉತ್ತರಪತ್ರಿಕೆಗಳನ್ನೇ ಮತ್ತೆ ತಿದ್ದುತ್ತಾ ಕೂತಿದ್ದನ್ನು ನೋಡಿ ಪಕ್ಕಕ್ಕೆ ಬಂದಳು.

“ನಮ್ ಭಾಯಿಗೂ ಐಸಾಚ್ ಥಾ ಕಣೆ, ಥೇಟ್ ನಿನ್ನ ಥರಾನೇ. ಡಾಕ್ಟರ್ ಹತ್ರ ಹೋದ್ಮೇಲೆ ಸರಿಹೋದ. ನೀನೂ ಒಂದ್ ಸಲ ಬಾ. ನಾನೂ ಬರ್ತೀನಿ.”

“ನಂಗೇನ್ ಹುಚ್ಚಾ?” ಎಂದೆ.

“ಹುಚ್ಚು ಅಂತ ಯಾರೇ ಅಂದ್ರು? ಕಣ್ ಕಾಣದೇ ಇದ್ರೆ ಕಣ್ಣಿನ ಡಾಕ್ಟರ್ ಹತ್ರ ಹೋಗಲ್ವಾ ನೀನು?”

ಇಂದಿರಾನಗರದ ಒಂದು ಅಡ್ಡರಸ್ತೆಯಲ್ಲಿ, ಮೊದಲ ಮಹಡಿಯ ಮೇಲೆ ಆ ಕ್ಲಿನಿಕ್ಕು. ವೈದ್ಯೆ ವಯಸ್ಸಾದವರು, ನಿಧಾನವಾಗಿ ಮಾತಾಡುವವರು. ಬಾಲ್ಯದಿಂದ ಹಿಡಿದು ಕೇಳಿದರು. ಪರೀಕ್ಷೆಗಳನ್ನು ಮಾಡಿದರು. ನಂತರ ನನ್ನ ತೊಂದರೆಗೆ ಒಂದು ಹೆಸರು ಹೇಳಿದರು — ಎ.ಡಿ.ಎಚ್.ಡಿ., ಗಮನ ಒಂದೆಡೆ ನಿಲ್ಲದ ತೊಂದರೆ. ಅದು ಸೋಮಾರಿತನವಲ್ಲ, ಹುಟ್ಟಿನಿಂದಲೇ ಇರುವಂಥದ್ದು ಎಂದರು. ನಾನು ಅಲ್ಲೇ ಅತ್ತೆ. ಅಷ್ಟು ವರ್ಷ ಪಾಪವೆಂದುಕೊಂಡದ್ದಕ್ಕೆ ಒಂದು ಹೆಸರಿತ್ತು.

ಅಳು ನಿಂತ ಮೇಲೆ ಪ್ರಾರ್ಥನೆಯ ವಿಷಯ ಹೇಳಿದೆ, ಬೈದುಕೊಳ್ಳುತ್ತಾರೇನೋ ಎಂದು ಹೆದರುತ್ತಲೇ. ಅವರು ನಕ್ಕರು. “ಬಿಡಬೇಡಮ್ಮ. ಬೆಳಿಗ್ಗೆ ಎದ್ದು ಕೂರೋದು, ಫೋನ್ ದೂರ ಇಡೋದು — ಎಲ್ಲ ಒಳ್ಳೇದೇ. ಪ್ರಾರ್ಥನೇನೂ ಬಿಡಬೇಡ, ಮಾತ್ರೇನೂ ಬಿಡಬೇಡ.”

ಇದನ್ನು ಒತ್ತಿ ಹೇಳುತ್ತಿದ್ದೇನೆ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ನನಗೆ ಯಾರೂ ಹೇಳಿರಲಿಲ್ಲ. ವೈದ್ಯೆ ಹೇಳಲಿಲ್ಲ, ಶಬಾನಾ ಹೇಳಲಿಲ್ಲ. ದೇವರೂ ಹೇಳಲಿಲ್ಲ. ಒಂದನ್ನು ಎತ್ತಿ ಹಿಡಿದು ಇನ್ನೊಂದನ್ನು ಮುಚ್ಚಿಟ್ಟವಳು ನಾನೇ.

ಮಾತ್ರೆಗಳನ್ನು ವಿಟಮಿನ್ ಡಬ್ಬಿಯೊಂದಕ್ಕೆ ಸುರಿದುಕೊಂಡೆ. ಅಮ್ಮನಿಗೆ ಹೇಳಲಿಲ್ಲ. ಸ್ತ್ರೀಯರ ಕೂಟದವರ ಮಗಳು ಮನೋವೈದ್ಯರ ಬಳಿ ಹೋಗುತ್ತಾಳೆ ಎಂದರೆ... ಹೋಗಲಿ, ಅಮ್ಮನ ಹೆಸರು ಹೇಳುವುದೂ ಒಂದು ನೆಪ. ನಾಚಿಕೆಯಾದದ್ದು ನನಗೆ.

ಕೆಲವೇ ವಾರಗಳಲ್ಲಿ ಬದಲಾವಣೆ ಕಂಡಿತು. ಓದಿದ್ದು ಒಳಗೆ ನಿಲ್ಲತೊಡಗಿತು. ಬೆಳಗಿನ ಪ್ರಾರ್ಥನೆಯಲ್ಲಿ, ನನ್ನ ಬದುಕಿನಲ್ಲಿ ಮೊದಲ ಬಾರಿಗೆ, ಆರಂಭಿಸಿದ ವಾಕ್ಯವನ್ನು ಮುಗಿಸಿದೆ. ಆ ಬೆಳಿಗ್ಗೆ ಆದ ಸಂತೋಷ ಸುಳ್ಳಲ್ಲ. ದೇವರು ಹತ್ತಿರವಿದ್ದಾನೆ ಎನ್ನಿಸಿದ್ದು ಸುಳ್ಳಲ್ಲ. ಮುಂದಿನ ಪರೀಕ್ಷೆಯಲ್ಲಿ ಪಾಸಾದೆ. ಕೃಷ್ಣರಾಜಪುರದ ಕಾಲೇಜೊಂದರಲ್ಲಿ ಕೆಲಸವೂ ಸಿಕ್ಕಿತು.

ಕೃತಜ್ಞತಾ ಆರಾಧನೆಯ ದಿನ ಪಾಸ್ಟರು ಸಾಕ್ಷಿ ಹೇಳಲು, ಅಂದರೆ ದೇವರು ನನಗೆ ಮಾಡಿದ್ದನ್ನು ಎಲ್ಲರೆದುರು ಹೇಳಲು, ಕರೆದರು. ನನ್ನ ಸೋಲುಗಳೆಲ್ಲ ಸಭೆಗೆ ಗೊತ್ತಿದ್ದವೇ. ಪ್ರತಿ ಸಲ ನಾನು ಫೇಲಾದಾಗ ಅಮ್ಮ ಪ್ರಾರ್ಥನೆಗೆಂದು ಹೆಸರು ಕೊಟ್ಟಿದ್ದರಲ್ಲ. ಮೈಕಿನ ಮುಂದೆ ನಿಂತು, ಬೆಳಿಗ್ಗೆ ಎದ್ದದ್ದು, ಉಪವಾಸ, ಬೀರುವಿಗೆ ಹೋದ ಫೋನು — ಎಲ್ಲ ಹೇಳಿದೆ. ಎಲ್ಲವೂ ನಿಜ. ಅಲ್ಲಿಗೆ ಸಾಕಿತ್ತು. ದೇವರಿಗೆ ಸ್ತೋತ್ರ ಎಂದು ಹೇಳಿ ಇಳಿದು ಬರಬಹುದಿತ್ತು. ಆದರೆ ಎರಡನೇ ಸಾಲಿನಲ್ಲಿ ಅಮ್ಮ ಕೂತಿದ್ದರು, ಮುಖ ನನ್ನ ಕಡೆಗೆತ್ತಿ. ಜನ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ನನ್ನ ಮಾತನ್ನು ಅಷ್ಟು ಜನ ಹಾಗೆ ಕೇಳಿದ್ದು ಅದೇ ಮೊದಲು. ಇನ್ನೂ ಏನಾದರೂ ಕೊಡಬೇಕೆನ್ನಿಸಿತು — ಇನ್ನೂ ದೊಡ್ಡದೇನಾದರೂ —

“ಬೇರೆಯವರಾಗಿದ್ದರೆ ಡಾಕ್ಟರ ಹತ್ತಿರ ಓಡುತ್ತಿದ್ದರು,” ಎಂದೆ. “ನಾನು ಹೋಗಲಿಲ್ಲ. ನನ್ನ ಮನಸ್ಸು ನಿಂತದ್ದು ಮಾತ್ರೆಯಿಂದಲ್ಲ, ಮೊಣಕಾಲೂರಿದ್ದರಿಂದ.”

‘ಸ್ತೋತ್ರ, ಸ್ತೋತ್ರ’ ಎಂಬ ಸದ್ದು ಗೋಡೆಯಿಂದ ಗೋಡೆಗೆ ಹೋಯಿತು. ಪಾಸ್ಟರು ಆ ಮಾತನ್ನು ಮತ್ತೊಮ್ಮೆ ಹೇಳಿಸಿದರು. ಹೇಳಿದೆ. ಎರಡನೇ ಸಲ ಮೊದಲಿಗಿಂತ ಸುಲಭವಾಗಿತ್ತು.

ಆರಾಧನೆ ಮುಗಿದು ಅಂಗಳದಲ್ಲಿ ಚಹಾ ಕೊಡುತ್ತಿದ್ದಾಗ ಸ್ಟೆಲ್ಲಾ ಆಂಟಿ ಬಂದರು. ಅವರ ಹೆಸರನ್ನೂ ಬದಲಿಸಿದ್ದೇನೆ. ನಮ್ಮ ಓಣಿಗೆ ಮೂರು ಓಣಿ ಆಚೆ ಅವರ ಮನೆ. ಗಂಡ ಬಿಟ್ಟು ಹೋಗಿದ್ದ, ಒಬ್ಬಳೇ ಮಗಳು — ರೂತ್. ಆಗ ಎಂಟನೇ ಕ್ಲಾಸು. ತಾಯಿಯ ಹಿಂದೆ ನಿಂತು, ಕಪ್ಪು ವಾಲಿ ಚಹಾ ಚೆಲ್ಲುತ್ತಿದ್ದರೂ ಗಮನವಿಲ್ಲದೆ ಗಂಟೆಗೋಪುರದ ಪಾರಿವಾಳಗಳನ್ನು ನೋಡುತ್ತಿದ್ದಳು. ಒಂದು ಕ್ಷಣ ನನ್ನನ್ನೇ ನೋಡಿದ ಹಾಗಾಯಿತು.

“ಪ್ರಮೀಳಾ, ನಿನ್ನ ಕೇಳ್ಬೇಕು ಅಂತಾನೇ ಬಂದೆ ಕಣಮ್ಮ,” ಎಂದರು ಆಂಟಿ. “ಸ್ಕೂಲಲ್ಲಿ ಇವಳನ್ನ ಡಾಕ್ಟರಿಗೆ ತೋರಿಸಿ ಅಂತಿದಾರೆ. ಮನಸ್ಸಿನ ಡಾಕ್ಟರು. ಈ ಬುಧವಾರ ಬರ್ಹೇಳಿದಾರೆ. ನಂಗೆ ಧೈರ್ಯಾನೇ ಬರ್ತಿಲ್ಲ. ಇವತ್ತು ನಿನ್ನ ಮಾತು ಕೇಳಿ... ಹೋಗ್ಲಾ, ಬೇಡ್ವಾ? ನೀನೇ ಹೇಳು.”

ಇಲ್ಲಿ ನಿಲ್ಲುತ್ತೇನೆ. ಇಷ್ಟು ವರ್ಷ ಇಲ್ಲಿಗೇ ಬಂದು ಬಂದು ನಿಲ್ಲುತ್ತಿದ್ದೇನೆ. ಅವರನ್ನು ಪಕ್ಕಕ್ಕೆ ಕರೆದು, ಹೋಗಿ ಆಂಟಿ ಎಂದಷ್ಟೇ ಹೇಳಿದ್ದರೂ ಸಾಕಿತ್ತು. ನನ್ನ ಗುಟ್ಟು ಬಿಡುವ ಅಗತ್ಯವೂ ಇರಲಿಲ್ಲ. ಆದರೆ ಸುತ್ತ ಜನ ನಿಂತಿದ್ದರು. ಈಗಷ್ಟೇ ಮೈಕಿನಲ್ಲಿ ಅಂದದ್ದನ್ನು ಚಹಾದ ಹತ್ತಿರ ಬದಲಿಸುವುದು ಹೇಗೆ?

“ಬೇಡ ಆಂಟಿ,” ಎಂದೆ. “ನನ್ನ ಹತ್ರ ಕಳ್ಸಿ. ಬೆಳಿಗ್ಗೆ ಒಟ್ಟಿಗೆ ಪ್ರಾರ್ಥನೆ ಮಾಡೋಣ.”

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಬುಧವಾರ ಅವರು ಆಸ್ಪತ್ರೆಗೆ ಹೋಗಲಿಲ್ಲ.

ಹೀಗೆ ನನ್ನ ಬೆಳಗಿನ ಕೂಟ ಶುರುವಾಯಿತು. ಮೊದಲು ರೂತ್ ಒಬ್ಬಳೇ, ಆಮೇಲೆ ಬೇರೆ ಮಕ್ಕಳು, ಕಾಲೇಜು ಹುಡುಗ ಹುಡುಗಿಯರು. ಶಾಲೆ ಕಾಲೇಜುಗಳಿಗೆ ಮುಂಚೆ ಸಭೆಯ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದೆವು. ಎಲ್ಲರ ಫೋನುಗಳೂ ಒಂದು ಸ್ಟೀಲ್ ಡಬ್ಬಕ್ಕೆ. ಸ್ವಲ್ಪ ಹೊತ್ತು ಮೌನ, ಬೈಬಲಿನ ಒಂದು ವಾಕ್ಯದ ಧ್ಯಾನ, ಪ್ರಾರ್ಥನೆ, ನಂತರ ಅವರವರ ಪಾಠ. ಎಷ್ಟೋ ಮಕ್ಕಳಿಗೆ ಅದರಿಂದ ನಿಜವಾಗಿ ಒಳ್ಳೆಯದಾಯಿತು. ಸುಮ್ಮನೆ ಕೂರುವುದು ಬೇಕಿದ್ದವರಿಗೆ ಸುಮ್ಮನೆ ಕೂರುವ ಜಾಗ ಸಿಕ್ಕಿತು. ಆದರೆ ರೂತ್‌ಗೆ ಬೇಕಾದದ್ದು ಬೇರೆ ಎಂಬುದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.

ಅವಳು ಎಂಥ ಹುಡುಗಿ ಎಂದು ಹೇಳಬೇಕು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಮ್ಮನದು ಹಾಕಿಕೊಂಡು ಬರುತ್ತಿದ್ದಳು. ಬಂದು ತಾನೇ ನೋಡಿಕೊಂಡು ನಗುತ್ತಿದ್ದಳು, ಎಲ್ಲರನ್ನೂ ನಗಿಸುತ್ತಿದ್ದಳು. ಗಟ್ಟಿಯಾಗಿ ಪ್ರಾರ್ಥಿಸು ಎಂದರೆ ಅಪ್ಪನಿಗಾಗಿ ಶುರು ಮಾಡಿ, ಅಪ್ಪ ಕೊಡಿಸುತ್ತೇನೆಂದಿದ್ದ ಬಳೆ, ಕಮರ್ಷಿಯಲ್ ಸ್ಟ್ರೀಟು, ಅಲ್ಲಿ ಕಂಡ ಕುಂಟು ನಾಯಿ, ಆ ನಾಯಿಗೂ ಒಳ್ಳೆಯದಾಗಲಿ ಕರ್ತನೇ ಎಂದು ಮುಗಿಸುತ್ತಿದ್ದಳು. ಅಷ್ಟು ಚೆಂದದ ಪ್ರಾರ್ಥನೆಯನ್ನು ನಾನು ಬೇರೆ ಕೇಳಿಲ್ಲ. ಅದನ್ನು ತಿದ್ದಿದವಳು ನಾನು. ‘ಮನಸ್ಸು ಒಂದೇ ಕಡೆ ಇರಲಿ ರೂತ್’ ಎಂದು ಪ್ರತಿ ಬೆಳಿಗ್ಗೆ ತಿದ್ದಿದೆ. ಬರಬರುತ್ತಾ ಅವಳ ಪ್ರಾರ್ಥನೆ ಚಿಕ್ಕದಾಯಿತು. ಆಮೇಲೆ ಬರೀ ಆಮೆನ್ ಉಳಿಯಿತು.

ಒಂದು ದಿನ ಎಲ್ಲರಿಗಿಂತ ಮುಂಚೆ ಬಂದುಬಿಟ್ಟಿದ್ದಳು. ನಾನು ಕೋಣೆಯ ಮೂಲೆಯಲ್ಲಿ ಮಾತ್ರೆ ನುಂಗಿ ನೀರು ಕುಡಿಯುತ್ತಿದ್ದೆ.

“ಏನಕ್ಕಾ ಅದು?”

“ವಿಟಮಿನ್.”

“ನಂಗೂ ಒಂದ್ ಕೊಡಿ ಅಕ್ಕಾ. ತುಂಬಾ ಸುಸ್ತಾಗತ್ತೆ. ಓದಕ್ಕೆ ಕೂತ್ರೆ ತಲೆ ಎಲ್ಲೆಲ್ಲೋ ಓಡತ್ತೆ.”

ಕೈ ಚಾಚಿ ನಿಂತಿದ್ದಳು. ಡಬ್ಬಿಯನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದೆ. “ಮಕ್ಕಳಿಗಲ್ಲ ಅದು,” ಎಂದೆ. ಕೊಡಬಾರದಿತ್ತು, ನಿಜ. ವೈದ್ಯರು ನೋಡದೆ ಯಾರಿಗೂ ಕೊಡುವಂಥದ್ದಲ್ಲ. ಆದರೆ ಆ ಸಂಜೆಯೇ ಅವಳ ತಾಯಿಯ ಬಳಿಗೆ ಹೋಗಬಹುದಿತ್ತಲ್ಲ. ಹೋಗಲಿಲ್ಲ.

ಮತ್ತೊಂದು ಬೆಳಿಗ್ಗೆ, ಎಲ್ಲರೂ ಹೋದ ಮೇಲೂ ಅವಳು ಮೊಣಕಾಲೂರಿಯೇ ಇದ್ದಳು. ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರವಿತ್ತು. ತಲೆಯೆತ್ತದೆ ಕೇಳಿದಳು:

“ಅಕ್ಕಾ, ನಿಮಗಾಗಿದ್ದು ನಂಗ್ಯಾಕೆ ಆಗ್ತಿಲ್ಲ? ನೀವ್ ಹೇಳಿದ್ದೆಲ್ಲ ಮಾಡಿದೀನಿ. ನಾನೇನ್ ಪಾಪ ಮಾಡಿದೀನಿ?”

ನನ್ನ ಬ್ಯಾಗು ಅಲ್ಲೇ ಇತ್ತು. ಡಬ್ಬಿ ಅದರೊಳಗಿತ್ತು. ಬಾಗಿಲಾಚೆ ಯಾರೂ ಇರಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ...

“ಇನ್ನೂ ಪೂರ್ತಿ ಮನಸ್ಸಿಟ್ಟು ಬೇಡ್ಕೋ,” ಎಂದೆ.

ಅವಳು ಸರಿ ಅಕ್ಕಾ ಎಂದು ಎದ್ದು ಹೋದಳು. ನಾನು ಮಾಡಿದ ತಪ್ಪುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದು. ಸಭೆಯ ಮುಂದಿನ ಸುಳ್ಳಿಗಿಂತ ದೊಡ್ಡದು. ಅಲ್ಲಿ ನಾನು ನನ್ನ ಬಗ್ಗೆ ಸುಳ್ಳು ಹೇಳಿದ್ದೆ. ಇಲ್ಲಿ ಒಂದು ಮಗುವಿಗೆ ದೇವರ ಬಗ್ಗೆ ಸುಳ್ಳು ಹೇಳಿದೆ — ಅವನು ಕೇಳಿಸಿಕೊಳ್ಳದೆ ಇರುವುದು ಅವಳ ಕೊರತೆಯಿಂದ ಎಂದು.

ಪರೀಕ್ಷೆಯಲ್ಲಿ ರೂತ್ ಫೇಲಾದಳು. ಮರುಪರೀಕ್ಷೆಯಲ್ಲೂ ಆಗಲಿಲ್ಲ. ಸ್ಟೆಲ್ಲಾ ಆಂಟಿ ಸ್ತ್ರೀಯರ ಕೂಟದಲ್ಲಿ ಎದ್ದು ನಿಂತು, ನನ್ನ ಮಗಳ ಹಠಮಾರಿ ಮನಸ್ಸು ಮುರಿಯಲಿ ಎಂದು ಪ್ರಾರ್ಥಿಸಿ ಎಂದು ಅತ್ತರು. ಎಲ್ಲರೂ ಪ್ರಾರ್ಥಿಸಿದರು. ನಾನೂ ಅಲ್ಲೇ ಕಣ್ಣು ಮುಚ್ಚಿ ಕೂತಿದ್ದೆ. ಆಮೇಲೆ ರೂತ್ ಕೂಟಕ್ಕೆ ಬರಲಿಲ್ಲ. ಸಭೆಗೂ ಬರುವುದು ನಿಂತಿತು. ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳಂತೆ, ಅದಕ್ಕೇ ತಾಯಿ ಮಗಳು ಕೃಷ್ಣರಾಜಪುರದ ಕಡೆ ಮನೆ ಮಾಡಿದರಂತೆ ಎಂದು ಅಮ್ಮ ಹೇಳಿದರು. ಆ ಹುಡುಗಿಗೆ ವಿಶ್ವಾಸ ಸಾಲಲಿಲ್ಲ ಎಂದು ನಿಟ್ಟುಸಿರಿಟ್ಟರು.

ನಾನು? ನಾನು ಬೆಳೆಯುತ್ತಾ ಹೋದೆ. ಕುಕ್ ಟೌನಿನ ಹಳೆಯ ಬಂಗಲೆಯೊಂದರಲ್ಲಿ ಶಿಬಿರ ನಡೆಸಿಕೊಡಲು ಕರೆದರು. ಬೇರೆ ಸಭೆಗಳವರು ಕರೆದರು. ನನ್ನ ಸಾಕ್ಷಿಯ ವಿಡಿಯೋ ಫೋನಿನಿಂದ ಫೋನಿಗೆ ಹೋಯಿತು — ಫೋನು ಬಿಡಿ ಎಂದು ಹೇಳುವ ವಿಡಿಯೋ. ‘ಮಾತ್ರೆಯಿಂದಲ್ಲ, ಮೊಣಕಾಲೂರಿದ್ದರಿಂದ’ ಎಂಬುದನ್ನು ಯಾರೋ ಬ್ಯಾನರಿನ ಮೇಲೆ ಬರೆಸಿದರು. ಅದರ ಕೆಳಗೆ ನಿಂತು ಮಾತಾಡಿದೆ. ಪ್ರತಿ ಸಲ, ಈ ಸಲ ಹೇಳಿಬಿಡುತ್ತೇನೆ ಎಂದುಕೊಂಡು ಹೋಗುತ್ತಿದ್ದೆ. ಮುಂದಿನ ಸಾಲಿನಲ್ಲಿ ಯಾರೋ ಒಬ್ಬ ತಾಯಿ ಮಗುವನ್ನು ತಬ್ಬಿಕೊಂಡು ಕಣ್ಣೊರೆಸಿಕೊಳ್ಳುತ್ತಿರುವುದು ಕಾಣುತ್ತಿತ್ತು. ಈಗ ಹೇಳಿದರೆ ಇವಳ ಗತಿಯೇನು — ಎಂದುಕೊಳ್ಳುತ್ತಿದ್ದೆ. ಹಾಗೆ ಒಬ್ಬೊಬ್ಬರೂ ಬಂದು ಕೂತಂತೆ ಬಾಗಿಲು ಇನ್ನಷ್ಟು ಬಿಗಿಯಾಗುತ್ತಿತ್ತು. ಬಾಗಿಲು ಹಾಕಿಕೊಂಡವಳು ನಾನು, ಕೀಲಿಯೂ ನನ್ನ ಕೈಯಲ್ಲೇ ಇತ್ತು. ಆದರೂ ತೆರೆಯಲಿಲ್ಲ. ಗೆತ್ಸೇಮನೆ ತೋಟದಲ್ಲಿ, ಎಚ್ಚರವಾಗಿರಿ ಎಂದು ಯೇಸು ಕೇಳಿಕೊಂಡಿದ್ದರೂ ನಿದ್ದೆ ಹೋದ ಶಿಷ್ಯರ ಕುರಿತು ಎಷ್ಟು ಸಲ ಪಾಠ ಮಾಡಿದ್ದೇನೋ. ಅವರು ದಣಿದು ಮಲಗಿದ್ದರು. ನಾನು ಕಣ್ಣು ಬಿಟ್ಟುಕೊಂಡೇ ಇದ್ದೆ.

ಮಾತ್ರೆಯನ್ನು ಬಿಟ್ಟುಬಿಟ್ಟರೆ ಹೇಳಿದ್ದು ನಿಜವಾಗುತ್ತದೆ ಎಂದುಕೊಂಡು ಬಿಟ್ಟೂ ನೋಡಿದೆ. ವಾರ ಕಳೆಯುವುದರೊಳಗೆ ಕಾಲೇಜಿನಲ್ಲಿ ಬೇರೆ ತರಗತಿಗೆ ಹೋಗಿ ಪಾಠ ಶುರು ಮಾಡಿದೆ. ಮಕ್ಕಳು ನಕ್ಕರು. ಮತ್ತೆ ಇಂದಿರಾನಗರದ ಮೆಟ್ಟಿಲು ಹತ್ತಿದೆ.

ಕಳೆದ ವರ್ಷ, ಅದೇ ಕ್ಲಿನಿಕ್ಕಿನಲ್ಲಿ, ಒಂದು ಶನಿವಾರ ಮಧ್ಯಾಹ್ನ ಕಾಯುತ್ತಾ ಕೂತಿದ್ದೆ. ಮೆಟ್ಟಿಲಿನಿಂದ ಒಬ್ಬ ಹುಡುಗಿ ಬಂದು, ಕೌಂಟರಿನಲ್ಲಿ ಹೆಸರು ಹೇಳಿ, ತಿರುಗಿದಳು. ರೂತ್. ಎತ್ತರವಾಗಿದ್ದಳು, ಕೂದಲು ಕತ್ತರಿಸಿದ್ದಳು. ನನ್ನನ್ನು ಕಂಡು ಅವಳ ಮುಖದಲ್ಲಿ ಮೂಡಿದ್ದು ಗಾಬರಿ — ತಾನು ಸಿಕ್ಕಿಬಿದ್ದೆ ಎಂಬ ಗಾಬರಿ.

“ಅಕ್ಕಾ... ಅಮ್ಮಂಗೆ ಹೇಳ್ಬೇಡಿ ಪ್ಲೀಸ್. ಕೆಲ್ಸದಲ್ಲಿ ಪದೇ ಪದೇ ತಪ್ಪಾಗ್ತಿತ್ತು. ಸೂಪರ್ವೈಸರ್ ಮೇಡಮ್ಮೇ ಇಲ್ಲಿಗ್ ಹೋಗು ಅಂದ್ರು. ಇವತ್ತೇ ಫಸ್ಟು.”

“ಹೇಳಲ್ಲ,” ಎಂದೆ.

ಅವಳು ಪಕ್ಕದಲ್ಲಿ ಕೂತಳು. ಆಮೇಲೆ ಮೆಲ್ಲಗೆ, “ನೀವ್ ಯಾರನ್ನ ಕರ್ಕೊಂಡ್ ಬಂದಿದೀರಾ?”

ಆಗಲೂ — ನೋಡಿ, ಆಗಲೂ ನನ್ನ ಬಾಯಿಂದ ಬಂದದ್ದು, “ಕಾಲೇಜಿನ ಒಬ್ಬ ಸ್ಟೂಡೆಂಟ್‌ನ.”

ಅಷ್ಟರಲ್ಲಿ ಕೌಂಟರಿನ ಹುಡುಗಿ ಫೈಲು ಹಿಡಿದು ಕೂಗಿದಳು. “ಪ್ರಮೀಳಾ ಮ್ಯಾಮ್, ನೀವ್ ಬನ್ನಿ. ಅದೇ ಹಳೇ ಮಾತ್ರೆ ತಾನೇ, ಚೇಂಜ್ ಏನೂ ಇಲ್ವಲ್ಲ? ಮೇಡಂ ಸುಮ್ನೆ ಬಿ.ಪಿ. ನೋಡಿ ಬರ್ಕೊಡ್ತಾರೆ.”

ನಾನು ಏಳಲಿಲ್ಲ. ರೂತ್ ನನ್ನನ್ನು ನೋಡಿದಳು, ಫೈಲನ್ನು ನೋಡಿದಳು. ಅದು ದಪ್ಪನೆಯ ಹಳೆಯ ಫೈಲು.

“ಯಾವಾಗಿಂದ?” ಎಂದಳು.

“ಸಾಕ್ಷಿ ಹೇಳೋಕೆ ಮುಂಚಿಂದ.”

“ನಾನು ನಿಮ್ಮ್ ಪಕ್ಕ ಮೊಣಕಾಲೂರ್ತಿದ್ದಾಗ?”

“ಆಗ್ಲೂ.”

“ಆ ವಿಟಮಿನ್ನು,” ಎಂದಳು. ಪ್ರಶ್ನೆಯಲ್ಲ. ನಾನು ತಲೆಯಾಡಿಸಿದೆ. ಅವಳು ಅಳಲಿಲ್ಲ, ದನಿ ಏರಿಸಲಿಲ್ಲ. ಎದ್ದು ಹೋಗಿ ಎದುರು ಗೋಡೆಯ ಬಳಿಯ ಕುರ್ಚಿಯಲ್ಲಿ ಕೂತಳು. ನನ್ನನ್ನು ಮತ್ತೆ ಕರೆದಾಗ ನಾನು ಒಳಗೆ ಹೋದೆ. ನಾನು ಹೊರಗೆ ಬಂದಾಗ ಅವಳು ನನ್ನನ್ನು ದಾಟಿಕೊಂಡು ಒಳಗೆ ಹೋದಳು. ದಾಟುವಾಗ ಹೇಳಿದಳು: “ಅಮ್ಮ ಇನ್ನೂ ನಂಗೆ ವಿಶ್ವಾಸ ಇಲ್ಲ ಅಂತಾನೇ ಎಲ್ಲರ ಹತ್ರ ಹೇಳ್ಕೊಂಡ್ ಅಳ್ತಾಳೆ. ನಾನೇನೂ ಹೇಳಲ್ಲ. ಹೇಳೋದಾದ್ರೆ ನೀವೇ ಹೇಳಿ.”

ಹೇಳಲು ನನಗೆ ಇನ್ನೂ ಕೆಲವು ತಿಂಗಳು ಬೇಕಾದವು. ಅದನ್ನೂ ಇಲ್ಲಿ ಸೇರಿಸಬೇಕು. ಗೊತ್ತಾದ ಮರುದಿನವೇ ಓಡಿಹೋದವಳಲ್ಲ ನಾನು.

ಕೊನೆಗೆ ಮೊದಲು ಹೇಳಿದ್ದು ಅಮ್ಮನಿಗೆ. ಅಮ್ಮ, “ನನ್ನ ಹತ್ರಾನೂ ಹೇಳ್ಕೊಳಕ್ಕಾಗ್ಲಿಲ್ವಾ ನಿಂಗೆ?” ಎಂದರು. ಆಮೇಲೆ ಒಂದು ದಿನ ಕಾಲೇಜು ಮುಗಿಸಿ ಕೃಷ್ಣರಾಜಪುರದ ಮಾರುಕಟ್ಟೆಯ ಹಿಂದಿನ ಸ್ಟೆಲ್ಲಾ ಆಂಟಿಯ ಮನೆಗೆ ಹೋದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಸಂತೋಷದಿಂದ ಎದ್ದರು, ಕಾಫಿ ಇಡುತ್ತೇನೆ ಎಂದರು. ಬೇಡ, ಕೂತ್ಕೊಳ್ಳಿ ಎಂದೆ. ಎಲ್ಲ ಹೇಳಿದೆ. ನೆಪಗಳಿಲ್ಲದೆ ಹೇಳಬೇಕೆಂದುಕೊಂಡು ಹೋಗಿದ್ದೆ. ಆದರೂ ನಡುವೆ ಒಮ್ಮೆ ಭಯ ಆಗಿತ್ತು ಆಂಟಿ ಎಂದುಬಿಟ್ಟೆ.

ಅವರ ಕೈ ನಿಂತಿತು. “ಆ ಬುಧವಾರಕ್ಕೆ ಅಂತ ನಾನು ಹೊಸ ಸೀರೆ ತೆಗೆದಿಟ್ಟಿದ್ದೆ,” ಎಂದರು. “ಡಾಕ್ಟರ ಮುಂದೆ ಚೆನ್ನಾಗಿ ಕಾಣ್ಬೇಕು ಅಂತ.” ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು, “ನಾನವಳಿಗೆ ಹೊಡೆದಿದೀನಿ ಪ್ರಮೀಳಾ. ದೆವ್ವ ಹಿಡಿದಿದೆ ಅಂತ ಅಂದಿದೀನಿ. ನೀನಿವತ್ತು ಬಂದ್ ಹೇಳಿದ್ರೆ ಅದು ಹೋಗತ್ತಾ?”

ನಾನು ಅವರೆದುರು ಕೂತೇ ಇದ್ದೆ. “ನೀನ್ ಹೋಗು ಈಗ,” ಎಂದರು. ಎದ್ದು ಬಂದೆ.

ಪಾಸ್ಟರಿಗೆ ಹೇಳಿದಾಗ ಅವರು ಬಾಗಿಲು ಮುಂದೆ ಮಾಡಿ ಕೇಳಿಸಿಕೊಂಡರು. ದೇವರು ಕ್ಷಮಿಸುತ್ತಾನೆ ಎಂದರು. ಸಭೆಯ ಮುಂದೆ ಮಾತ್ರ ಬೇಡ, ಎಷ್ಟೋ ಮಕ್ಕಳು ಎಡವಿಬಿಡುತ್ತಾರೆ ಎಂದರು. ಆಗಲೇ ಒಂದು ಮಗು ಎಡವಿಯಾಗಿದೆ ಅಯ್ಯನವರೇ, ಎಂದೆ. ಅವರು ಬಹಳ ಯೋಚಿಸಿ, ಸರಿ, ಚಿಕ್ಕದಾಗಿ ಹೇಳು ಎಂದರು. ಹೇಳುವ ಮುಂಚೆ ರೂತ್‌ಗೆ ಫೋನ್ ಮಾಡಿದೆ, ಅವಳಿಗೆ ಆದ ಅನ್ಯಾಯವನ್ನೂ ಹೇಳುತ್ತೇನೆ ಎಂದು. ಅವಳು ತಡೆದಳು.

“ನನ್ನ್ ಹೆಸರು ಎತ್ಬೇಡಿ ಅಕ್ಕಾ. ಮತ್ತೆ ನಿಮ್ಮ ಸಾಕ್ಷಿಗೆ ನಾನ್ ಬೇಡ.”

ಆ ಮಾತು ಇನ್ನೂ ಚುಚ್ಚುತ್ತಿದೆ, ಅದು ಸರಿಯಾಗಿಯೇ ಇದೆ. ಆದ್ದರಿಂದ ಆ ಭಾನುವಾರ ನನ್ನ ವಿಷಯವನ್ನಷ್ಟೇ ಹೇಳಿದೆ — ಸುಳ್ಳು ಹೇಳಿದೆ, ಇಂದಿಗೂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ನನ್ನ ಮಾತು ಕೇಳಿ ಯಾರಾದರೂ ವೈದ್ಯರ ಬಳಿ ಹೋಗುವುದನ್ನು ನಿಲ್ಲಿಸಿದ್ದರೆ ಅದು ನನ್ನ ತಪ್ಪು, ದಯವಿಟ್ಟು ಹೋಗಿ. ಸ್ತೋತ್ರ ಎಂದು ಯಾರೂ ಅನ್ನಲಿಲ್ಲ. ಆಮೇಲೆ ಅಂಗಳದಲ್ಲಿ ಕೆಲವರು ಮುಖ ತಿರುಗಿಸಿದರು. ಬೆಳಗಿನ ಕೂಟವನ್ನು ಬೇರೆಯವರಿಗೆ ವಹಿಸಿದರು. ವಹಿಸಬೇಕಾದದ್ದೇ. ಇನ್ನು ಶಿಬಿರಗಳಿಗೆ ಹೋಗುವುದಿಲ್ಲ ಎಂದು ಕರೆದವರಿಗೆಲ್ಲ ಹೇಳಿದ್ದೇನೆ, ಕಾರಣವನ್ನೂ ಹೇಳಿದ್ದೇನೆ. ಆ ವಿಡಿಯೋ ಮಾತ್ರ ಇನ್ನೂ ಎಲ್ಲೆಲ್ಲೋ ಓಡಾಡುತ್ತಲೇ ಇದೆ. ಅದನ್ನು ಹಿಂದಕ್ಕೆ ಕರೆಯುವುದು ನನ್ನ ಕೈಯಲ್ಲಿಲ್ಲ. ಇದನ್ನು ಬರೆಯುತ್ತಿರುವುದು ಅದಕ್ಕೇ. ರೂತ್ ಇದನ್ನು ಓದಿ, ಹೆಸರು ಬದಲಿಸಿದರೆ ಆಗಬಹುದು ಎಂದಳು. ಅಷ್ಟೇ ಹೇಳಿದಳು.

ಅವಳೀಗ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದಾಳೆ. ಹತ್ತನೇ ಕ್ಲಾಸಿನ ಪರೀಕ್ಷೆಯನ್ನು ಹೊರಗಿನಿಂದ ಕಟ್ಟುವವಳಿದ್ದಾಳೆ. ಮೊನ್ನೆ ಸಂಜೆ ಕೃಷ್ಣರಾಜಪುರದ ಬಸ್‌ಸ್ಟಾಪಿನಲ್ಲಿ ಸಿಕ್ಕಳು. ಕೈಯಲ್ಲಿ ಪುಸ್ತಕವಿತ್ತು. ಕಾಲೇಜಿನಿಂದ ನಿಮ್ಮ ಮನೆ ಹತ್ತಿರವೇ, ವಾರದಲ್ಲೊಂದು ದಿನ ಬಂದು ಹೇಳಿಕೊಡಲಾ ಎಂದು ಕೇಳಿದೆ. ಕೇಳುವಾಗ ಆಸೆಯಿತ್ತು ನನಗೆ, ಸುಳ್ಳೇಕೆ ಹೇಳಲಿ.

“ಬೇಡ ಅಕ್ಕಾ,” ಎಂದಳು ಮೆತ್ತಗೆ. “ನಿಮ್ಮ ಮುಂದೆ ಕೂತ್ರೆ ನಂಗೆ ಓದಕ್ಕಾಗಲ್ಲ.”

ಸರಿ ಎಂದೆ. ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತು ಪುಸ್ತಕ ತೆರೆದಳು. ಆ ಗದ್ದಲದ ನಡುವೆಯೂ ತಲೆ ತಗ್ಗಿಸಿ ಓದುತ್ತಿದ್ದಳು. ಅವಳೀಗ ಪ್ರಾರ್ಥಿಸುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಕೇಳುವ ಬಾಯಿ ನನಗೆ ಉಳಿದಿಲ್ಲ.